ಒಕ್ಕಲುಮನೆಯ ಅಜ್ಜಿ ಹೇಳಿದ 'ಅವಳು'

ಇಂಗ್ಲೆಂಡಿನ ಹ್ಯಾರೋ ಪಟ್ಟಣದ ಅಂಚಿನಲ್ಲಿ, ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಕಡೆ, ಬಹಳ ಹಳೆಯ ಒಕ್ಕಲುಮನೆಯೊಂದಿತ್ತು. ಅದರ ಒಡತಿ ಒಬ್ಬ ಇಂಗ್ಲಿಷ್ ಅಜ್ಜಿ. ಅಡುಗೆಮನೆಯ ಗೋಡೆ ಉಬ್ಬಿತ್ತು. ಕೆಡವಲೇಬೇಕೆಂದು ಇಬ್ಬರು ಬಿಲ್ಡರ್‌ಗಳು ಹೇಳಿಹೋಗಿದ್ದರು. ಮೂರನೆಯವನು ನಾನು. ಏಳನೇ ಇಯತ್ತೆಗೇ ಶಾಲೆ ಬಿಟ್ಟವನಾದರೂ ಗೋಡೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಇಂಗ್ಲಿಷ್ ಮಾತ್ರ ಆಗಿನ್ನೂ ಅರೆಬರೆ.

"ಮೆಲ್ಲಗೆ. ಅವಳಿಗೆ ಉಸಿರಾಡಲು ಆಗುತ್ತಿಲ್ಲ," ಎಂದರು ಅಜ್ಜಿ. ಚಹ ತಂದಾಗಲೆಲ್ಲ ಅದೇ ಮಾತು. ಮಹಡಿಯ ಮೇಲೆ ಅಜ್ಜಿಯ ಕಾಯಿಲೆಯ ತಂಗಿ ಇರಬೇಕೆಂದು ನಾನು ಸುತ್ತಿಗೆ ಬಿಟ್ಟು, ಉಳಿಯಿಂದಲೇ ಸದ್ದಿಲ್ಲದೆ ಸಿಮೆಂಟು ಕೆರೆದೆ.

ಮರುದಿನ ಅಜ್ಜಿ ಅವಳ ಕಥೆಯನ್ನೇ ಹೇಳಿದರು. "ಮೊದಲನೆಯವನು ರೈತ, ಅವಳನ್ನು ಜೋಪಾನ ಮಾಡಿದ. ಅವನ ಮಗ ಕುಡುಕ, ಮಾರಿಬಿಟ್ಟ. ನನಗಿಂತ ಮುಂಚಿನವನಂತೂ ಅವಳ ಉಸಿರೇ ಕಟ್ಟಿಸಿದ."

ನನ್ನ ಬೆಳಗಾವಿಯ ಜೊತೆಗಾರ ಕಿವಿಯಲ್ಲಿ, "ಅಣ್ಣಾ, ಎಂಥಾ ಮಂದಿ ಇವ್ರು. ಪೊಲೀಸ್ರಿಗೆ ಹೇಳೂಣೇನು?" ಎಂದ.

"ಸುಮ್ನಿರೋ. ಮೊದ್ಲ ಆಕೀನ್ನ ನೋಡೂಣು."

ಆ ತಂಗಿ ಎಲ್ಲಿದ್ದಾರೆಂದು ಅಜ್ಜಿಯನ್ನು ಕೇಳಿದೆ. ಅಜ್ಜಿ ನನ್ನ ಕೈ ಹಿಡಿದು ಉಬ್ಬಿದ ಗೋಡೆಯ ಮೇಲಿಟ್ಟರು. ಇಂಗ್ಲಿಷರು ಮನೆಯನ್ನೂ 'ಅವಳು' ಅನ್ನುತ್ತಾರೆಂದು ಆಗ ತಿಳಿಯಿತು.

ಹಿಂದಿನ ಮಾಲೀಕ ಬಳಿದ ಸಿಮೆಂಟಿನ ಹಿಂದೆ ನೀರು ಸಿಕ್ಕಿಕೊಂಡು ಸಿಮೆಂಟೇ ಉಬ್ಬಿತ್ತು. ನಾವು ಕೆರೆದಲ್ಲೆಲ್ಲ ಒಳಗಿನ ಹಳೆಯ ಗಾರೆ ಗಟ್ಟಿಯಾಗಿಯೇ ಇತ್ತು. ಸುತ್ತಿಗೆ ಬಿದ್ದಿದ್ದರೆ ಅದೂ ಉದುರುತ್ತಿತ್ತು.

"ಕೆಡವಲೇಬೇಕೇ?" ಎಂದರು ಅಜ್ಜಿ.

"ಬೇಡ. ಸುಣ್ಣದ ಗಾರೆ ಹಾಕುತ್ತೇನೆ, ಉಸಿರಾಡುತ್ತಾಳೆ. ಇನ್ನೂ ನೂರು ವರ್ಷ ನಿಲ್ಲುತ್ತಾಳೆ."

ಅಜ್ಜಿ ಇಸ್ತ್ರಿ ಮಾಡಿದ ಲಂಗದಲ್ಲೇ ಆ ಧೂಳಿನ ನೆಲದ ಮೇಲೆ ಕೂತುಬಿಟ್ಟರು.