ಸಾಲಕ್ಕ ಗಂಡಸಿನ ಸಹಿನ ಬೇಕಂತ!

ಗೆಳತ್ಯಾರೇ, ಇವತ್ತು ಹೊಟ್ಟಿ ಉರಿಯಾಕತ್ತೈತಿ. ನಾನು ಲಿಂಗಸುಗೂರಿನ ದವಾಖಾನ್ಯಾಗ ಆಯಾ. ಮಗಳ ಕಿವಿ ಮಷೀನು ಕೆಟ್ಟೈತಿ, ಸಾಲ್ಯಾಗ ಪಾಠ ಕೇಳಿಸವಲ್ದು ಅಂತ ಅಳ್ತಾಳ. ಸಣ್ಣ ಸಾಲ ಕೇಳಾಕ ಫೈನಾನ್ಸ್ ಆಫೀಸಿಗೆ ಹೋದೆ.

"ನಿಮ್ಮ ಪಗಾರ ಕಡಿಮಿ. ಮನಿ ಗಂಡಸರ ಸಹಿ ಬೇಕು" ಅಂದ ಮ್ಯಾನೇಜರ.

"ಗಂಡ ತೀರಿಕೊಂಡಾನ್ರಿ. ತಮ್ಮ ಅದಾನ, ಆದ್ರ ಅವಗ ಕೆಲಸಿಲ್ಲ, ನಾನ ಅನ್ನ ಹಾಕ್ತೀನಿ."

"ನಡೀತೈತಿ, ಅವರನ್ನ ಕರಕೊಂಡು ಬರ್ರಿ."

ಸಿಟ್ಟು ನೆತ್ತಿಗೇರಿತು. ಆದ್ರ ಮಗಳ ಮುಖ ನೆನಪಾಗಿ, ಮನಿಗೆ ಹೋಗಿ ಮಲಗಿದ್ದ ತಮ್ಮನ್ನ ಎಬ್ಬಿಸಿಕೊಂಡು ಬಂದೆ. ಅವಗ ಕುರ್ಚಿ ಕೊಟ್ರು, ಚಾ ತರಿಸಿದ್ರು. ಕಂತು ತುಂಬೋಕಿ ನಾನು ಗ್ವಾಡಿಗೆ ಆನಿಕೊಂಡು ನಿಂತಿದ್ದೆ. ಅವ ಸಹಿ ಹಾಕಿದ, ಸಾಲ ಮಂಜೂರಾತು.

ಹೊರಗ ಬಂದ ಕೂಡ್ಲೇ ತಮ್ಮ, "ಅಕ್ಕಾ, ಮೊಬೈಲಿಗೆ ರೀಚಾರ್ಜ್ ಹಾಕಸು" ಅಂದ.

ನೋಡ್ರಿ, ನನ್ನ ಸಾಲಕ್ಕ ಇವನ ಜಾಮೀನು!