ಅಕ್ಕನ ಬದಲು ನನ್ನ ಬಾಯಿ

ಪಾರ್ಕಿನ್ಸನ್ ಇದ್ದದ್ದು ನನ್ನ ಅಕ್ಕನಿಗೆ, ವಿಜಯನಗರದ ಡಾಕ್ಟರ್ ಪ್ರಶ್ನೆ ಕೇಳಿದ್ದು ನನಗೆ. ಅದು ತಪ್ಪು. ನಾನು ಉತ್ತರ ಕೊಟ್ಟಿದ್ದು ಇನ್ನೂ ದೊಡ್ಡ ತಪ್ಪು.

"ಮರೆವು ಇದೆಯಾ?"

"ಇಲ್ಲ ಸಾರ್, ಕೈ ನಡುಕ ಅಷ್ಟೇ."

ಡಾಕ್ಟರ್ ಮಿದುಳಿನ ಸ್ಕ್ಯಾನ್ ಎತ್ತಿ ಹಿಡಿದರು. "ನೆನಪಿನ ಭಾಗ ಸ್ವಲ್ಪ ಸವೆದ ಹಾಗಿದೆ. ಇದೊಂದನ್ನೇ ನೋಡಿ ಹೇಳಕ್ಕಾಗಲ್ಲ. ನಿಜವಾಗ್ಲೂ ಮರೆವಿಲ್ವಾ?"

ಮತ್ತೆ "ಇಲ್ಲ" ಅನ್ನಲು ನಾನೇ ಬಾಯಿ ತೆರೆದೆ.

"ಇವನನ್ನೇನು ಕೇಳ್ತೀರಾ ಸಾರ್, ಇವನಿಗೇನು ಗೊತ್ತು?" ಅಂದಳು ಅಕ್ಕ. "ಹೋದ ವಾರ ಮನೆ ದಾರಿ ಮರೆತು ಅತ್ತಿಗುಪ್ಪೆ ಮೆಟ್ರೋ ಮೆಟ್ಟಿಲ ಮೇಲೆ ಒಂದು ಗಂಟೆ ಕೂತಿದ್ದೆ. ಹೇಳಿದ್ರೆ ಇವನು ನನ್ನ ಹೊರಗೇ ಬಿಡಲ್ಲ ಅಂತ ಭಯ."

ನಿಜ, ಹೇಳಿದ್ದರೆ ನಾನು ಬಿಡುತ್ತಲೂ ಇರಲಿಲ್ಲ.

ನಿಮ್ಮ ಮನೆಯಲ್ಲೂ ಈ ಕಾಯಿಲೆಯವರಿದ್ದರೆ, ಡಾಕ್ಟರ ಮುಂದೆ ನೀವು ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ಅವರನ್ನು ಮಾತಾಡಲು ಬಿಡಿ.