ಈರುಳ್ಳಿ ಸುಲಿಸುವ ಅಕ್ಕ

ಬೆಳಕು ಇನ್ನೂ ಕಿಟಕಿ ಮುಟ್ಟಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತ ಅಕ್ಕ ಕೊರಳ ದಾರದಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು ಉಸಿರು ತೀರುವವರೆಗೂ ಊದುತ್ತಾರೆ. ಮಹಡಿಯ ಮೇಲೆ ಮಂಚಗಳು ಕಿರುಗುಟ್ಟುತ್ತವೆ, ಯಾವುದೋ ಲೋಟ ಉರುಳುತ್ತದೆ, ಯಾರೋ ಯಾರದೋ ಚಪ್ಪಲಿ ಮೆಟ್ಟಿ ಬೈಸಿಕೊಳ್ಳುತ್ತಾರೆ. ಮೀಸೆ ಬಂದ ಗಂಡಸರು, ಅವರಲ್ಲೊಬ್ಬರು ಮೊಮ್ಮಕ್ಕಳನ್ನು ಕಂಡವರು, ಶಾಲೆಗೆ ಹೊರಟ ಮಕ್ಕಳಂತೆ ಕಣ್ಣುಜ್ಜಿಕೊಂಡು ಸಾಲಾಗಿ ಇಳಿದು ಬರುತ್ತಾರೆ.

ಒಬ್ಬೊಬ್ಬರಿಗೂ ಒಂದೊಂದು ಮಾತ್ರೆ, ಒಂದು ಗುಟುಕು ನೀರು. ನುಂಗಿದ್ದೇನೆ ಎಂದರೆ ಅಕ್ಕ ನಂಬುವುದಿಲ್ಲ.

"ನಾಲಿಗೆ ಎತ್ತು. ಕೆನ್ನೆ ಒಳಗೆ ಏನದು?"

"ಹಲ್ಲು ಅಕ್ಕಾ," ಎನ್ನುತ್ತಾನೆ ಲಾರಿ ಡ್ರೈವರ್. ಬಾಗಿಲಲ್ಲಿ ನಿಂತರೆ ಬಾಗಿಲೇ ಮುಚ್ಚಿಹೋಗುವಂಥ ಆಳು.

"ಹಾಗಾದ್ರೆ ಒಂದು ಹಾಡು ಹೇಳು ನೋಡೋಣ. ಮಾತ್ರೆ ಇದ್ರೆ ಗೊತ್ತಾಗುತ್ತೆ."

ಅವನು ಬಾಯಿ ತೆರೆದು ಹಾಡುತ್ತಾನೆ. ಎರಡನೇ ಸಾಲಿಗೆ ಮಿಕ್ಕವರೆಲ್ಲ ಕಿವಿ ಮುಚ್ಚಿಕೊಂಡು, "ನುಂಗಿದ್ದಾನೆ ಅಕ್ಕಾ, ನಾವು ಜಾಮೀನು," ಎಂದು ಗೋಗರೆಯುತ್ತಾರೆ.

ಕುಡಿತ ಬಿಟ್ಟವರು, ನಶೆಯ ಪುಡಿ, ಮಾತ್ರೆಗಳ ಸಹವಾಸದಿಂದ ಪಾರಾಗಿ ಬಂದವರು ತಮ್ಮ ಮನೆಗೆ ಮರಳುವ ಮೊದಲು ಕೆಲವು ತಿಂಗಳು ತಂಗುವ ಮನೆ ಇದು. ಅಕ್ಕ ಇಲ್ಲಿನ ಕೇಸ್ ಮ್ಯಾನೇಜರ್. ಡಾಕ್ಟರ ಬಳಿ ಕರೆದೊಯ್ಯುವುದು, ಹಳೇ ಮಾಲೀಕನ ಮುಂದೆ ಕೂತು ಇನ್ನೊಂದು ಸಲ ಕೆಲಸ ಕೊಡಿ ಎಂದು ಕೇಳುವುದು, ಫೋನ್ ಎತ್ತದ ಹೆಂಡಂದಿರಿಗೆ ಎತ್ತುವ ತನಕ ಫೋನ್ ಮಾಡುವುದು, ಎತ್ತಿದ ಮೇಲೆ ಅವರ ಬೈಗುಳವನ್ನೆಲ್ಲ ಗಂಡನ ಪರವಾಗಿ ತಾವೇ ತಿನ್ನುವುದು, ಇವೆಲ್ಲ ಅವರ ಕೆಲಸ.

"ಕೇಸು ಅಂದ ತಕ್ಷಣ ನಮ್ಮ ಬೀದಿಯವರು ನಾನು ಕೋರ್ಟಲ್ಲಿದ್ದೀನಿ ಅಂದ್ಕೊಂಡಿದ್ದಾರೆ. ಗೋಡೆ ಜಗಳ ಹಿಡ್ಕೊಂಡು ಬರ್ತಾರೆ. ಅವರನ್ನೂ ಕೂರಿಸಿ ಕೇಳ್ತೀನಿ. ಏನ್ ಮಾಡೋದು, ಕೇಳೋದೇ ಚಾಳಿ ಆಗ್ಬಿಟ್ಟಿದೆ!"

ಮೊದಲು ಅಕ್ಕ ಬಸ್ ಕಂಡಕ್ಟರ್ ಆಗಿದ್ದವರು. ಟಿಕೆಟಿಗೆ ಯಂತ್ರ ಬಂತು, ಅಕ್ಕ ಇಳಿದರು. ಸೀಟಿ ಮಾತ್ರ ಅವರ ಜೊತೆ ಇಳಿದು ಬಂತು. ಅದಕ್ಕೂ ಮೊದಲಿನ ಕತೆ ಕೇಳಿದರೆ ನಗುತ್ತಲೇ ಹೇಳುತ್ತಾರೆ. "ನನ್ನ ಮೊದಲನೇ ಪ್ಯಾಸೆಂಜರ್ ನಮ್ಮಪ್ಪ. ಸಂಜೆ ಆದ್ರೆ ಅಂಗಡಿ ಮುಂದೆ ಹೋಗಿ ನಿಂತ್ಕೊಳ್ತಿದ್ದೆ. ಎಡಕ್ಕೆ ಅಪ್ಪಾ, ಬಲಕ್ಕೆ ಅಪ್ಪಾ, ಚರಂಡಿ ಇದೆ ಅಪ್ಪಾ ಅಂತ ಮನೆ ತಲುಪಿಸ್ತಿದ್ದೆ. ಎಷ್ಟು ಕುಡಿದಿದ್ರೂ ಮನೆ ಬಂದ್ಮೇಲೆ ಥ್ಯಾಂಕ್ಸ್ ಹೇಳೋರು, ಪಾಪ." ನಗು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಕೆಮ್ಮಿ, ಯಾರೋ ಸ್ನಾನದ ಮನೆಯಲ್ಲಿ ತುಂಬ ಹೊತ್ತಾಯಿತೆಂದು ಬಾಗಿಲು ಬಡಿಯಲು ಏಳುತ್ತಾರೆ.

ಬೆಳಗಿನ ಸಾಲಿನಲ್ಲಿ ಒಬ್ಬ ಇರಲಿಲ್ಲ. ಅವನು ದರ್ಜಿ. ಸೀಟಿಗೂ ಮೊದಲೇ ಎದ್ದು ಅಡುಗೆಮನೆಯಲ್ಲಿ ಕೂತಿದ್ದಾನೆ. ಇವತ್ತು ಭಾನುವಾರ, ಇಲ್ಲಿಗೆ ಬಂದ ಮೇಲೆ ಮೊದಲ ಸಲ ಅವನು ಮನೆಗೆ ಊಟಕ್ಕೆ ಹೋಗಬೇಕು. ಹೆಂಡತಿ ಅಕ್ಕನಿಗೆ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಾಳೆ: "ಇದೊಂದು ಸಲ ನೋಡ್ತೀನಿ ಅಕ್ಕಾ. ಮತ್ತೆ ಅದೇ ರಾಗ ಆದ್ರೆ ಇನ್ನು ಈ ಬಾಗಿಲು ತೆಗೆಯಲ್ಲ." ಎರಡನೇ ಕ್ಲಾಸಿನ ಮಗಳು ಅಪ್ಪ ಬರುತ್ತಾನೆಂದು ಕೇಳಿ ಏನೂ ಅನ್ನಲಿಲ್ಲವಂತೆ. ದರ್ಜಿಗೆ ಅದೇ ದೊಡ್ಡ ಭಯ.

ಅವನ ಮುಂದೆ ಈರುಳ್ಳಿಯ ಗುಡ್ಡೆ. ಒಂದೇ ಸಮನೆ ಸುಲಿಯುತ್ತಿದ್ದಾನೆ. ಈ ಮನೆಯ ಬಗ್ಗೆ ಪೇಪರಿಗೆ ಬರೆಯಲು ಬಂದವಳು ಸುಮ್ಮನೆ ಕೂರುವುದೇಕೆಂದು ನಾನೂ ಒಂದು ಚಾಕು, ಒಂದು ಈರುಳ್ಳಿ ಕೈಗೆತ್ತಿಕೊಂಡೆ. ಎಲ್ಲರೂ ನನ್ನತ್ತ ತಿರುಗಿದರು. ಲಾರಿ ಡ್ರೈವರ್ ಬಗ್ಗಿ, ದೊಡ್ಡ ಗಂಟಲನ್ನು ಆದಷ್ಟು ಸಣ್ಣಗೆ ಮಾಡಿಕೊಂಡು ಕೇಳಿದ: "ಅಜ್ಜೀ... ನಿಮಗೂನಾ?"

ಆಗ ತಿಳಿಯಿತು ಇಲ್ಲಿನ ಪದ್ಧತಿ. ಕುಡಿಯುವ ಆಸೆ ಒತ್ತಿಬಂದವನು ಯಾರಿಗೂ ಹೇಳಬೇಕಿಲ್ಲ, ಎದ್ದು ಅಡುಗೆಮನೆಗೆ ಹೋಗಿ ಈರುಳ್ಳಿ ಸುಲಿಯಬೇಕು. ಆಸೆ ಇಳಿಯುವ ತನಕ ಸುಲಿಯಬೇಕು. ಯಾರೂ ಏನೂ ಕೇಳುವ ಹಾಗಿಲ್ಲ.

"ಟ್ರೈನಿಂಗಲ್ಲಿ ಹತ್ತು ಎಣಿಸೋಕೆ ಹೇಳಿ ಅಂತ ಕಲಿಸಿದ್ರು," ಎನ್ನುತ್ತಾರೆ ಅಕ್ಕ. "ಇವರು ಎಣಿಸ್ತಾ ಎಣಿಸ್ತಾ ಅಂಗಡಿ ತನಕ ನಡೆದುಬಿಡೋರು. ಈರುಳ್ಳಿ ಆದ್ರೆ ಕೂತಲ್ಲೇ ಕೂರಿಸುತ್ತೆ, ಕೈಗೂ ಕೆಲಸ. ಅಲ್ಲದೆ ಗಂಡಸರಿಗೆ ಅಳೋಕೆ ಒಂದು ನೆಪ ಬೇಕಲ್ಲಮ್ಮ."

ಇದರ ಹೊರೆಯೆಲ್ಲ ಅಡುಗೆಯವನ ಮೇಲೆ. ಅವನೂ ಒಂದು ಕಾಲಕ್ಕೆ ಇಲ್ಲೇ ಸುಲಿದು ಸುಧಾರಿಸಿಕೊಂಡವನು. "ಅಡುಗೆ ನಾನು ಯೋಚನೆ ಮಾಡಿ ಮಾಡಲ್ಲ, ಇವರ ಮನಸ್ಸು ನೋಡಿ ಮಾಡ್ತೀನಿ. ಮಳೆ ಬಂದ್ರೆ, ಸಂಬಳದ ದಿನ ಬಂದ್ರೆ, ಮೂರು ಹೊತ್ತೂ ಈರುಳ್ಳಿ. ಹೋದ ವಾರ ಪಾಯಸಕ್ಕೊಂದು ಹಾಕೋದು ಬಾಕಿ ಇತ್ತು."

ಊಟಕ್ಕೆ ಹೋಗುವ ದರ್ಜಿಗೆ ಒಳ್ಳೆಯ ಅಂಗಿಯಿಲ್ಲ. ಇದ್ದುದನ್ನೆಲ್ಲ ಹಿಂದೆಯೇ ಮಾರಿ ಕುಡಿದಾಗಿದೆ. ಲಾರಿ ಡ್ರೈವರ್ ತನ್ನ ಹೊಸ ಅಂಗಿ ತಂದುಕೊಟ್ಟ. ತೊಟ್ಟರೆ ಡೇರೆಯೊಳಗೆ ಮನುಷ್ಯ ನಿಂತ ಹಾಗಿದೆ. ದರ್ಜಿ ಸೂಜಿ ಕೇಳಿದ. ಬಂದ ಹೊಸತರಲ್ಲಿ ಅವನ ಕೈ ನಡುಗಿ ಸೂಜಿಗೆ ದಾರವೇ ಹೋಗುತ್ತಿರಲಿಲ್ಲವಂತೆ. ಈಗ ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ದಾರ ಒಂದೇ ಸಲಕ್ಕೆ ಹೋಯಿತು. ಎರಡೂ ಪಕ್ಕ ಹಿಡಿದು ಹೊಲಿದು ಅಂಗಿಯನ್ನು ಮೈಗೆ ತಂದ. "ನನ್ನ ಅಂಗಿ ವಾಪಸ್ ಬರೋ ಆಸೆ ಬಿಟ್ಟೆ," ಎಂದ ಡ್ರೈವರ್. "ಆಸೆ ಬಿಡೋಕೇ ತಾನೇ ಬಂದಿರೋದು ಇಲ್ಲಿಗೆ," ಎಂದ ಅಡುಗೆಯವನು.

ಮನೆಗೆ ನೇರ ಬಸ್ಸಿದೆ. ಅಕ್ಕ ಅದನ್ನು ಹತ್ತಿಸುವುದಿಲ್ಲ. ಆ ಬಸ್ಸು ನಿಲ್ಲುವುದೇ ಸಾರಾಯಿ ಅಂಗಡಿಯ ಎದುರು. ಊರಿನ ಯಾವ ದಾರಿಯಲ್ಲಿ ಅಂಗಡಿಯಿಲ್ಲ ಎಂಬುದು ಅವರ ತಲೆಯೊಳಗಿದೆ. ಹಾಗಾಗಿ ಊರೆಲ್ಲ ಬಳಸಿ, ಬಸ್ಸು ಬದಲಿಸಿ, ಒಂದು ಶಾಲೆಯ ಹಿಂಭಾಗದಿಂದ ನಡೆದು, ದರ್ಜಿ, ಅಕ್ಕ, ನಾನು ಮೂವರೂ ಬೆವರಿಳಿಸಿಕೊಂಡು ಬಾಗಿಲು ತಟ್ಟುತ್ತೇವೆ.

ಬಾಗಿಲು ತೆಗೆದವರು ದರ್ಜಿಯ ಅತ್ತೆ. "ಓಹೋ, ಅಳಿಯಂದ್ರು! ದಾರಿ ಜ್ಞಾಪಕ ಇತ್ತಾ?" ಎಂದು ಸ್ವಾಗತಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಪೇಪರಿಗೆ ಬರೀತೀರಂತೆ. ನಾನು ಹೇಳ್ತೀನಿ ಬರ್ಕೊಳ್ಳಿ," ಎಂದು ಮದುವೆಯ ದಿನದಿಂದ ಶುರುಮಾಡುತ್ತಾರೆ.

ಊಟ ಬಡಿಸಿದ ಹೆಂಡತಿ ಗಂಡನ ಮುಖ ನೋಡುವುದಿಲ್ಲ, ಕೈಯನ್ನೇ ನೋಡುತ್ತಾಳೆ. ದರ್ಜಿ ಮಗಳ ಕಡೆಗೆ ನೀರಿನ ಲೋಟ ಸರಿಸಲು ಕೈ ಚಾಚುತ್ತಾನೆ. ಹುಡುಗಿ ತಟ್ಟೆಸಮೇತ ಅಜ್ಜಿಯ ಕಡೆ ಸರಿದುಬಿಡುತ್ತಾಳೆ.

ದರ್ಜಿ ಎದ್ದ. ಯಾರಿಗೂ ಏನೂ ಹೇಳದೆ ನೇರ ಅಡುಗೆಮನೆಗೆ ಹೋದ.

ಹೆಂಡತಿಯ ಮುಖದ ಬಣ್ಣ ಹೋಯಿತು. ಹಿಂದೆಲ್ಲ ಅವನು ಬಾಟಲಿ ಬಚ್ಚಿಡುತ್ತಿದ್ದುದು ಅಲ್ಲೇ, ಹಿಟ್ಟಿನ ಡಬ್ಬದೊಳಗೆ. "ನಾನ್ ಹೇಳ್ಲಿಲ್ವಾ," ಎಂದು ಅತ್ತೆ ಬಾಯಿ ತೆರೆದರು. ಅಕ್ಕ ಬಸ್ಸು ನಿಲ್ಲಿಸುವವರ ಹಾಗೆ ಕೈ ಅಡ್ಡ ಹಿಡಿದರು. ಆದರೆ ಹೆಂಡತಿ ಕಾಯಲಿಲ್ಲ, ಓಡಿದಳು. ಅವಳ ಹಿಂದೆ ನಾವೆಲ್ಲ.

ದರ್ಜಿ ನೆಲದ ಮೇಲೆ ಕೂತಿದ್ದಾನೆ. ಬುಟ್ಟಿಯ ಈರುಳ್ಳಿಯನ್ನೆಲ್ಲ ಸುರುವಿಕೊಂಡಿದ್ದಾನೆ. ಕಣ್ಣಿಂದ ಧಾರೆ ಹರಿಯುತ್ತಿದೆ, ಕೈ ನಿಂತಿಲ್ಲ.

"ಇದೇನ್ರೀ ಇದು?" ಹೆಂಡತಿಗೆ ದಿಕ್ಕೇ ತೋಚುವುದಿಲ್ಲ.

ಅಕ್ಕ ಪದ್ಧತಿಯನ್ನು ವಿವರಿಸುತ್ತಾರೆ. ಹೆಂಡತಿ ಸುಲಿದ ಗುಡ್ಡೆ ನೋಡುತ್ತಾಳೆ, ಗಂಡನನ್ನು ನೋಡುತ್ತಾಳೆ. "ಇಷ್ಟೊಂದಾ?"

"ಹೂಂ ಕಣಮ್ಮ, ಇಷ್ಟೊಂದು. ಬೀದಿ ಬಾಗಿಲು ತೆರೆದೇ ಇತ್ತು. ಆ ಕಡೆ ಹೋಗ್ಲಿಲ್ಲ ನೋಡು."

ಕಡೆಗೆ ಅತ್ತೆ ಮಂಡಿ ಹಿಡಿದುಕೊಂಡು ಅಳಿಯನ ಎದುರು ಕೂತರು. "ಕೊಡಿಲ್ಲಿ ಚಾಕು, ಅರ್ಧ ಈರುಳ್ಳಿ ಸಿಪ್ಪೇಲೇ ಹೋಗ್ತಿದೆ. ನಾವು ಹೆಂಗಸರು ಜೀವಮಾನ ಎಲ್ಲಾ ಸುಲಿದ್ವಿ. ನಿಮ್ಮ ಆಸೆ ಏನಮ್ಮಾ ಅಂತ ಒಬ್ಬನೂ ಬಂದು ಕೇಳ್ಲಿಲ್ಲ. ಬರ್ಕೊಂಡ್ರಾ ಅದನ್ನ?"

ಬರೆದುಕೊಂಡೆ.

ಅಷ್ಟರಲ್ಲಿ ಮಗಳು ಒಂದು ಬಟ್ಟಲು ನೀರು ತಂದು ಅಪ್ಪನ ಮುಂದಿಟ್ಟಳು, ಕೊಂಚ ದೂರವೇ ನಿಂತು. "ನೀರಲ್ಲಿ ಹಾಕಿ ಸುಲಿದ್ರೆ ಕಣ್ಣು ಉರಿಯಲ್ಲ."

"ಉರೀಲಿ ಬಿಡು, ಮಗಳೇ," ಎಂದ ದರ್ಜಿ. ಹಾಗೆಂದರೂ ಈರುಳ್ಳಿಯನ್ನು ನೀರಿಗೆ ಹಾಕಿದ.

ಹೊರಡುವಾಗ ಹೆಂಡತಿ ಬಾಗಿಲ ತನಕ ಬಂದಳು. ಗಂಡನಿಗೆ ಹೇಳಬೇಕಾದುದನ್ನು ಅಕ್ಕನಿಗೇ ಹೇಳಿದಳು. "ಮುಂದಿನ ಭಾನುವಾರಾನೂ ಬರೋಕೆ ಹೇಳಿ. ಬರ್ತಾ ಈರುಳ್ಳಿ ಅವರೇ ತರಬೇಕು, ಒಂದು ವಾರದ್ದು ಖಾಲಿ ಮಾಡಿದ್ದಾರೆ." ಸುಲಿದದ್ದನ್ನೆಲ್ಲ ಅತ್ತೆ ಒಂದು ಚೀಲಕ್ಕೆ ತುಂಬಿ ಅಳಿಯನ ಕೈಗೆ ತುರುಕಿದರು.

ಮರಳುವ ಬಸ್ಸಿನಲ್ಲಿ ಆ ವಾಸನೆಗೆ ಅಕ್ಕಪಕ್ಕದವರೆಲ್ಲ ಎದ್ದುಹೋಗಿ ನಮಗೆ ಮೂವರಿಗೂ ಆರಾಮಾಗಿ ಸೀಟು ಸಿಕ್ಕಿತು. ದರ್ಜಿ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಾನೆ. ಇಷ್ಟು ವರ್ಷದ ಕೆಲಸದಲ್ಲಿ ನಿಮಗೇ ಅಂತ ಏನಾದರೂ ಬೇಕು ಅನ್ನಿಸಿಲ್ಲವೇ ಎಂದು ಅಕ್ಕನನ್ನು ಕೇಳಿದೆ.

"ಒಂದು ಆಸೆ ಇದೆಯಮ್ಮ. ಒಂದೇ ಒಂದು ದಿನ ಆ ಮನೇಲಿ ಈರುಳ್ಳಿ ಹಾಕದೇ ಇರೋ ಅಡುಗೆ ಊಟ ಮಾಡ್ಬೇಕು. ಅವತ್ತು ಯಾರಿಗೂ ಏನೂ ಬೇಕು ಅನ್ನಿಸಿಲ್ಲ ಅಂತ ಅರ್ಥ ಆಗುತ್ತಲ್ಲ, ಅದಕ್ಕೆ."

ದರ್ಜಿ ಅವರನ್ನೊಮ್ಮೆ ನೋಡಿದ. ಏನೂ ಕೇಳಲಿಲ್ಲ, ಕೇಳುವ ಹಾಗಿಲ್ಲವಲ್ಲ. ಚೀಲದ ಬಾಯಿ ಬಿಚ್ಚಿ, ತಳದಲ್ಲಿ ಕೈಯಾಡಿಸಿ, ಸುಲಿಯದೆಯೇ ಸೇರಿಹೋಗಿದ್ದ ಒಂದೇ ಒಂದು ಈರುಳ್ಳಿಯನ್ನು ಹುಡುಕಿ ತೆಗೆದು ಅಕ್ಕನ ಕೈಗಿಟ್ಟ.